ಜಾಗ ನಮ್ಮದು, ಕಸ ಅವರದು

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ನಮ್ಮ ಕಚೇರಿಯಲ್ಲಿ ಧೂಳು ಏಳುತ್ತದೆ. 2021ರಿಂದ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿ ಅಕ್ಟೋಬರ್ 2ರಿಂದ 31ರವರೆಗೆ ವಿಶೇಷ ಅಭಿಯಾನ ನಡೆಯುತ್ತದೆ. ಬಾಕಿ ಪ್ರಕರಣಗಳ ವಿಲೇವಾರಿ, ಹಳೆಯ ಕಡತಗಳ ಪರಿಶೀಲನೆ, ರದ್ದಿಯ ಮಾರಾಟ, ಕೊನೆಗೆ ಎಷ್ಟು ಚದರ ಅಡಿ ಜಾಗ ತೆರವಾಯಿತೆಂಬ ವರದಿ. ಕಡತವೊಂದನ್ನು ನಾಶಕ್ಕೆ ಕಳುಹಿಸುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ಅದನ್ನು ತೆರೆಯಬೇಕು, ಓದಬೇಕು, ಎಷ್ಟು ವರ್ಷ ಇಡಬೇಕಾದದ್ದೆಂದು ಪಟ್ಟಿಯಲ್ಲಿ ನೋಡಬೇಕು, ಒಂದೇ ಪತ್ರಕ್ಕೆ ಆರು ನಕಲುಗಳಿದ್ದರೆ ಐದನ್ನು ತೆಗೆಯಬೇಕು, ಆಮೇಲೆ ಸಹಿ ಹಾಕಬೇಕು. ಇಟ್ಟುಕೊಳ್ಳುವುದಕ್ಕೆ ಯಾರ ಸಹಿಯೂ ಬೇಡ; ತೆಗೆಯುವುದಕ್ಕೆ ಬೇಕು.

ಕಳೆದ ಅಕ್ಟೋಬರ್‌ನ ಒಂದು ಸಂಜೆ ಈ ಕೆಲಸ ಮುಗಿಸಿ, ಮೂಗಿನಲ್ಲಿ ಧೂಳು ತುಂಬಿಕೊಂಡು ಮನೆಗೆ ಬಂದರೆ, ಹದಿನಾಲ್ಕು ವರ್ಷದ ಮಗ ಟಿ.ವಿ. ಮುಂದೆ ಅದೇ ಕೆಲಸದಲ್ಲಿದ್ದ. “ಅಪ್ಪಾ, ಯಾವುದು ತೆಗೀಲಿ?” ಎಂದ. ಅವನ ಕನ್ಸೋಲ್, ಅಂದರೆ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರ, ತುಂಬಿಹೋಗಿತ್ತು. ಅವನು ಹೊಸ ಆಟವನ್ನೇನೂ ಕೇಳಿರಲಿಲ್ಲ. ಇರುವ ಆಟವೊಂದಕ್ಕೆ ತಿದ್ದುಪಡಿ ಬಂದಿತ್ತು. ಅದನ್ನು ಇಳಿಸಿಕೊಳ್ಳದೆ ಗೆಳೆಯರ ಜೊತೆ ಆಡುವಂತಿಲ್ಲ, ಇಳಿಸಿಕೊಳ್ಳಲು ಜಾಗವಿಲ್ಲ. ಅರ್ಧ ಗಂಟೆ ಯೋಚಿಸಿ, ನಾವಿಬ್ಬರೂ ಮೂರು ತಿಂಗಳಿನಿಂದ ಭಾನುವಾರಗಳಂದು ಜೊತೆಯಾಗಿ ಆಡುತ್ತಿದ್ದ, ಇನ್ನೂ ಅರ್ಧ ಉಳಿದಿದ್ದ ಆಟವನ್ನು ಅಳಿಸಿದ. “ಮತ್ತೆ ಹಾಕ್ಕೋಬಹುದಪ್ಪಾ” ಎಂದು ನನಗೇ ಸಮಾಧಾನ ಹೇಳಿದ. ಮತ್ತೆ ಹಾಕಿಕೊಳ್ಳಲು ಇನ್ನೊಂದನ್ನು ಅಳಿಸಬೇಕು. ಇಂದಿಗೂ ಹಾಕಿಕೊಂಡಿಲ್ಲ.

ಕಚೇರಿಯಲ್ಲಿ ನಾವು ನಮ್ಮ ಕಸವನ್ನು ನಾವೇ ಸೋಸಿದ್ದೆವು. ಮನೆಯಲ್ಲಿ ಈ ಹುಡುಗ ಯಾರದೋ ಕಸಕ್ಕೆ ಜಾಗ ಮಾಡಿಕೊಡಲು ತನಗೆ ಬೇಕಾದದ್ದನ್ನು ಸೋಸುತ್ತಿದ್ದ. ನನ್ನ ತಕರಾರು ಇಷ್ಟೇ: ಇಂದಿನ ದೊಡ್ಡ ಆಟಗಳ ಗಾತ್ರದಲ್ಲಿ ಒಂದು ಪಾಲು ಕಲೆಯದು, ಇನ್ನೊಂದು ಪಾಲು ಮಾಡದೇ ಬಿಟ್ಟ ಕೆಲಸದ್ದು. ಆ ಬಿಟ್ಟ ಕೆಲಸದ ಖರ್ಚನ್ನು ಕೊಂಡವರ ಜಾಗ, ಕೊಂಡವರ ಡೇಟಾ, ಕೊಂಡವರ ವೇಳೆಯಿಂದ ವಸೂಲು ಮಾಡಲಾಗುತ್ತಿದೆ.

ಇದು ಪುಣೆಯ ಫ್ಲಾಟಿನಲ್ಲಿ ಕುಳಿತವರ ಸುಖದ ದುಃಖವೆಂದು ನಗುವವರಿಗಾಗಿ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಹಳೆಯ ಕನ್ಸೋಲನ್ನು ರೋಣ ತಾಲ್ಲೂಕಿನ ಊರಿನಲ್ಲಿರುವ ಅಣ್ಣನ ಮಗನಿಗೆ ಕೊಟ್ಟಿದ್ದೆವು. ದೀಪಾವಳಿಗೆ ಹೋಗುವಾಗ ಅವನಿಗೆಂದು ಒಂದು ಆಟದ ಡಿಸ್ಕ್ ಕೊಂಡೊಯ್ದೆ. ಊರಿನಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಆದ್ದರಿಂದಲೇ ಡಿಸ್ಕ್. ಹುಡುಗ ಕೈತೊಳೆದುಕೊಂಡು ಬಂದು ಅದನ್ನು ಯಂತ್ರಕ್ಕೆ ತೂರಿಸಿದ. ಪರದೆಯ ಮೇಲೆ ಮೂಡಿದ್ದು ಆಟವಲ್ಲ, 90 ಜಿಬಿಗೂ ಹೆಚ್ಚು ಇಳಿಸಿಕೊಳ್ಳಬೇಕೆಂಬ ಸೂಚನೆ. ನನ್ನ ಮೊಬೈಲಿನಲ್ಲಿ ದಿನಕ್ಕೆ 2 ಜಿಬಿ. ಬೇರೇನನ್ನೂ ನೋಡದಿದ್ದರೂ ನಲವತ್ತೈದು ದಿನ. ನಾವು ಅಲ್ಲಿ ಇರುವುದು ನಾಲ್ಕು ದಿನ. ಪೆಟ್ಟಿಗೆಯ ಹಿಂಬದಿಯಲ್ಲಿ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ, ಇಂಟರ್ನೆಟ್ ಅಗತ್ಯವೆಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಷ್ಟು ಎಂದು ಬರೆದಿರಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ನಾನು ಅದನ್ನು ಓದಿರಲಿಲ್ಲ. “ಇರಲಿ ಬಿಡ್ರಿ ಕಾಕಾ, ಹಳೇದ ಆಡೂಣು ಬರ್ರಿ” ಎಂದ ಹುಡುಗ. ಅವನ ಆ ಔದಾರ್ಯವೇ ನನ್ನನ್ನು ಇಂದು ಬರೆಯಲು ಕೂರಿಸಿದೆ.

ಈಗ ಅಂಕಿಗಳಿಗೆ ಬರೋಣ. ನಾನು ಲೆಕ್ಕಪತ್ರದ ಮನುಷ್ಯ. ಸಿಟ್ಟಿಗೂ ಅಂಕಿಗಳ ಆಧಾರ ಬೇಕು. ಸೋನಿಯ ಪ್ಲೇಸ್ಟೇಷನ್ 5 ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಘೋಷಿತ ಸಂಗ್ರಹ ಸಾಮರ್ಥ್ಯ 825 ಜಿಬಿ. ಯಂತ್ರದ ಸ್ವಂತ ತಂತ್ರಾಂಶ ಮೊದಲಾದವು ಕಳೆದು ಆಟಗಳಿಗೆ ಉಳಿದದ್ದು ಸುಮಾರು 667 ಜಿಬಿ. ಮೈಕ್ರೋಸಾಫ್ಟ್‌ನ ಅಗ್ಗದ ಯಂತ್ರ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ 512ಕ್ಕೆ ಉಳಿದದ್ದು ಸುಮಾರು 364. ಇತ್ತ ದೊಡ್ಡ ಆಟಗಳು 100 ಜಿಬಿ ದಾಟುವುದು ಸಾಮಾನ್ಯವಾಗಿದೆ. 2020ರಲ್ಲಿ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್’ ಎಷ್ಟು ಊದಿಕೊಂಡಿತ್ತೆಂದರೆ, 250 ಜಿಬಿಯ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಅದು ಹಿಡಿಸಲಿಕ್ಕಿಲ್ಲವೆಂದು ಪ್ರಕಾಶಕರೇ ಎಚ್ಚರಿಕೆ ಕೊಡಬೇಕಾಯಿತು. ಡಿಸ್ಕಿನ ವಿಷಯ ಇನ್ನೂ ವಿಚಿತ್ರ. ಪ್ಲೇಸ್ಟೇಷನ್ 5ರ ಡಿಸ್ಕಿನಲ್ಲಿ 100 ಜಿಬಿ ಹಿಡಿಯುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ‘ಮಾಡರ್ನ್ ವಾರ್‌ಫೇರ್ 2’ರ ಡಿಸ್ಕಿನಲ್ಲಿದ್ದದ್ದು ಸುಮಾರು 70 ಎಂಬಿ. ಹಿಡಿಯುವುದರಲ್ಲಿ ಸಾವಿರಕ್ಕೆ ಒಂದು ಪಾಲೂ ಅಲ್ಲ. ಉಳಿದದ್ದನ್ನೆಲ್ಲ ಕೊಂಡವರೇ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು.

ನನ್ನ ವಯಸ್ಸಿನವರಿಗೆ ತೊಂಬತ್ತರ ದಶಕದ ಹಳದಿ ಕಾರ್ಟ್ರಿಜ್‌ಗಳು ನೆನಪಿರಬೇಕು. ನಾವದನ್ನು ಕ್ಯಾಸೆಟ್ ಎನ್ನುತ್ತಿದ್ದೆವು. ಅದರಲ್ಲಿ ನಾವೆಲ್ಲ ಆಡಿದ ‘ಸೂಪರ್ ಮಾರಿಯೋ’, 1985ರಲ್ಲಿ ಜಪಾನಿನಲ್ಲಿ ಬಂದದ್ದು, ಒಟ್ಟು 40 ಕೆಬಿ. ಇಂದಿನ 100 ಜಿಬಿಯಲ್ಲಿ ಅಂಥವು ಇಪ್ಪತ್ತೈದು ಲಕ್ಷ ಹಿಡಿಸುತ್ತವೆ. ಆ ಆಟದ ಆಕಾಶದಲ್ಲಿರುವ ಮೋಡವೂ ನೆಲದ ಮೇಲಿರುವ ಪೊದೆಯೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಜಾಗವಿಲ್ಲದವನು ಹೂಡಿದ ಉಪಾಯ ಅದು.

ಅದೇ ಬಗೆಯ ಉಪಾಯ ನಾನಿರುವ ಈ ಊರಿನಲ್ಲೂ ಕೆಲಸ ಮಾಡಿದೆ. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ, ಐಐಟಿ ಕಾನ್ಪುರದಲ್ಲಿ ಮೊಳೆತದ್ದು, ಭಾರತೀಯ ಲಿಪಿಗಳನ್ನು ಅಂದಿನ ಬಡ ಕಂಪ್ಯೂಟರುಗಳ ಮೇಲೆ ಮೂಡಿಸಿತು. ಅದರ ಹಿಂದಿದ್ದದ್ದು 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತ ವ್ಯವಸ್ಥೆ. ಒಟ್ಟು 256 ಮನೆಗಳು. ಅರ್ಧವನ್ನು ಇಂಗ್ಲಿಷ್ ಮೊದಲೇ ಹಿಡಿದಿತ್ತು. ಉಳಿದ 128ರೊಳಗೆ ಎಲ್ಲರೂ ಇರಬೇಕು. ಪರಿಹಾರವೆಂದರೆ ಕನ್ನಡದ ‘ಕ’ಕಾರಕ್ಕೂ ನಾಗರಿಯ, ತೆಲುಗಿನ, ಬಂಗಾಳಿಯ ‘ಕ’ಕಾರಕ್ಕೂ ಒಂದೇ ಸಂಖ್ಯೆ, ತೋರುವ ರೂಪ ಮಾತ್ರ ಬೇರೆ. ಮೋಡ ಮತ್ತು ಪೊದೆಯ ಲೆಕ್ಕವೇ ಇದು. ನಮ್ಮ ಭಾಷೆ ಕಂಪ್ಯೂಟರಿನ ಪರದೆ ಹತ್ತಿದ್ದರ ಹಿಂದೆ ಇಂಥ ಮಿತವ್ಯಯದ ಬುದ್ಧಿಯೂ ಇದೆ.

ಎದುರುವಾದಿಗಳ ಮಾತನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಅಂದಿನ ಚುಕ್ಕಿಚಿತ್ರವೆಲ್ಲಿ, ಇಂದಿನ 4ಕೆ ದೃಶ್ಯವೆಲ್ಲಿ? ಒಪ್ಪಿದೆ. ಕಲ್ಲಿನ ಪಾಚಿ, ಮುಖದ ಸುಕ್ಕು, ಮಳೆಯ ಸದ್ದು ಎಲ್ಲಕ್ಕೂ ಜಾಗ ಬೇಕು. ಕೆಲವೊಮ್ಮೆ ದೊಡ್ಡದಾಗಿ ಇಡುವುದಕ್ಕೇ ಕಾರಣವಿರುತ್ತದೆ. 2014ರ ‘ಟೈಟನ್‌ಫಾಲ್’ ಕಂಪ್ಯೂಟರಿನಲ್ಲಿ 48 ಜಿಬಿ ಇತ್ತು. ಅದರಲ್ಲಿ 35 ಜಿಬಿ ಕುಗ್ಗಿಸದೆ ಬಿಟ್ಟ ಧ್ವನಿ. ಕುಗ್ಗಿಸಿದ ಧ್ವನಿಯನ್ನು ಆಟದ ನಡುವೆ ಬಿಚ್ಚುವ ಶ್ರಮ ದುರ್ಬಲ ಕಂಪ್ಯೂಟರುಗಳಿಗೆ ಭಾರವಾಗುತ್ತದೆಂದು ತಯಾರಕರು ಸಮಜಾಯಿಷಿ ಕೊಟ್ಟರು. ಹಾಗೆಯೇ, ಹಳೆಯ ತಿರುಗುವ ಹಾರ್ಡ್‌ಡಿಸ್ಕುಗಳಲ್ಲಿ ಮಾಹಿತಿ ಹುಡುಕುವುದು ನಿಧಾನ. ಆದ್ದರಿಂದ ಒಂದೇ ಮಾಹಿತಿಯನ್ನು ಅನೇಕ ಕಡೆ ನಕಲು ಮಾಡಿ ಇಡುತ್ತಿದ್ದರು. ಪ್ಲೇಸ್ಟೇಷನ್ 5ರ ಶಿಲ್ಪಿ ಮಾರ್ಕ್ ಸರ್ನಿ 2020ರ ಮಾರ್ಚ್‌ನ ಉಪನ್ಯಾಸದಲ್ಲಿ ಸ್ಪೈಡರ್‌ಮ್ಯಾನ್ ಆಟದ ಉದಾಹರಣೆ ಕೊಟ್ಟರು: ಬೀದಿಯ ಅಂಚೆಪೆಟ್ಟಿಗೆಯಂಥ ವಸ್ತುಗಳ ಮಾಹಿತಿ ಡಿಸ್ಕಿನಲ್ಲಿ 400 ಬಾರಿ ಇತ್ತು. ಹೊಸ ಯಂತ್ರದ ವೇಗದ ಎಸ್‌ಎಸ್‌ಡಿಯಲ್ಲಿ ಈ ನಕಲುಗಳು ಬೇಕಿಲ್ಲವೆಂಬುದು ಅವರ ಭರವಸೆ.

ಭರವಸೆ ನಿಜವೇ. ಆದರೆ ನಕಲು ತಾನಾಗಿ ಅಳಿಯುವುದಿಲ್ಲ. ಯಾರಾದರೂ ಕುಳಿತು ಅಳಿಸಬೇಕು. ‘ಹೆಲ್‌ಡೈವರ್ಸ್ 2’ರ ಕಥೆಯನ್ನು ನೋಡಿ. ಸ್ವೀಡನ್ನಿನ ಆರೋಹೆಡ್ ಸಂಸ್ಥೆಯ ಈ ಆಟ 2024ರ ಫೆಬ್ರವರಿಯಲ್ಲಿ ಬಂತು. ಕಂಪ್ಯೂಟರ್ ಆವೃತ್ತಿ ಬೆಳೆದು ಸುಮಾರು 154 ಜಿಬಿ ಆಯಿತು. ಕನ್ಸೋಲ್ ಆವೃತ್ತಿ ಅದಕ್ಕಿಂತ ಬಹಳ ಚಿಕ್ಕದಿತ್ತು. ಕಾರಣ ಅದೇ, ಹಳೆಯ ಹಾರ್ಡ್‌ಡಿಸ್ಕಿನವರಿಗೆ ತೊಂದರೆಯಾಗದಿರಲೆಂದು ಇಟ್ಟ ನಕಲುಗಳು. ಆಟಗಾರರು ದೂರಿದ ಮೇಲೆ ತಯಾರಕರು ಅಳೆದು ನೋಡಿದರು. ನಕಲು ತೆಗೆದರೆ ಆಟ ತೆರೆಯುವುದು ಹಲವು ಪಟ್ಟು ನಿಧಾನವಾದೀತೆಂಬ ಅವರ ಅಂದಾಜು ತಪ್ಪಾಗಿತ್ತು. ವ್ಯತ್ಯಾಸ ಕೆಲವೇ ಸೆಕೆಂಡು. 2025ರ ಡಿಸೆಂಬರ್‌ನಲ್ಲಿ ಆಟ ಸುಮಾರು 23 ಜಿಬಿಗೆ ಇಳಿಯಿತು. ಆಟ ಅದೇ, ಚಿತ್ರ ಅದೇ, ಸದ್ದು ಅದೇ. 131 ಜಿಬಿ ಕಸವಾಗಿತ್ತು. ತಪ್ಪನ್ನು ಬಹಿರಂಗವಾಗಿ ಒಪ್ಪಿ ತಿದ್ದಿಕೊಂಡ ಆ ಸಂಸ್ಥೆಗೆ ನಾನು ಕೈಮುಗಿಯುತ್ತೇನೆ. ಆದರೆ ಸುಮಾರು ಎರಡು ವರ್ಷ ಆ ಕಸವನ್ನು ಹೊತ್ತವರು ಯಾರು? ಅಂದಾಜನ್ನು ಅಳೆದು ನೋಡುವ ಕೆಲಸ ಬಿಡುಗಡೆಗೆ ಮುಂಚೆಯೇ ಏಕೆ ಆಗಲಿಲ್ಲ? ಜಾಗ ತಮ್ಮದಲ್ಲದಿದ್ದಾಗ ಅಳೆಯುವ ಅವಸರ ಯಾರಿಗೂ ಇರುವುದಿಲ್ಲ.

ದೊಡ್ಡದಾಗಿರುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿಯ ಕೆಲಸ 1919ರಲ್ಲಿ ತೊಡಗಿ 1966ರಲ್ಲಿ ಮುಗಿಯಿತು. ವಿ.ಎಸ್. ಸುಖಠಣಕರ್ ಮತ್ತು ಅವರ ನಂತರದ ವಿದ್ವಾಂಸರು 1,259 ಹಸ್ತಪ್ರತಿಗಳನ್ನು ಇಟ್ಟುಕೊಂಡು, ಯಾವ ಪಾಠ ಮೂಲದ್ದು, ಯಾವುದು ನಂತರ ಸೇರಿದ್ದು ಎಂದು ಸಾಲುಸಾಲಾಗಿ ತೂಗಿದರು. ಬಿಟ್ಟದ್ದನ್ನು ಬಿಸಾಡಲಿಲ್ಲ, ಬೇಕಾದವರಿಗೆ ಸಿಗುವಂತೆ ಅಡಿಟಿಪ್ಪಣಿಯಲ್ಲೂ ಅನುಬಂಧದಲ್ಲೂ ಇಟ್ಟರು. ಗ್ರಂಥ ದೊಡ್ಡದೇ, ಆದರೆ ಅದರ ಪ್ರತಿ ಸಾಲನ್ನೂ ಯಾರೋ ಪರಿಶೀಲಿಸಿದ್ದಾರೆ. ಸಂಪಾದನೆಯೆಂದರೆ ಇದು. ಆಟಗಳಲ್ಲೂ ಇದು ಸಾಧ್ಯ. ಎಷ್ಟೋ ಆಟಗಳಲ್ಲಿ ಹಲವು ಭಾಷೆಗಳ ಧ್ವನಿ ಒಟ್ಟಿಗೇ ಇಳಿಯುತ್ತದೆ; ಬೇಡವಾದದ್ದನ್ನು ಬಿಡುವ ಅವಕಾಶ ಕೆಲವುಗಳಲ್ಲಿ ಮಾತ್ರ. ನಮ್ಮ ಮನೆಯ ಯಂತ್ರದಲ್ಲಿರುವ ಒಂದು ಆಟವೂ ಕನ್ನಡದಲ್ಲಿ ಮಾತಾಡುವುದಿಲ್ಲ. ನಮ್ಮ ಭಾಷೆಗೆ ಅಲ್ಲಿ ಎಡೆಯಿಲ್ಲ, ಆದರೆ ನಾವು ಎಂದೂ ಕೇಳದ ಭಾಷೆಗಳಿಗೆ ನಮ್ಮ ಮನೆಯಲ್ಲಿ ಎಡೆ ಮಾಡಿಕೊಡಬೇಕು.

“ಇನ್ನೊಂದು ಎಸ್‌ಎಸ್‌ಡಿ ಹಾಕಿಸಿಕೊಳ್ಳಿ, ಮುಗಿಯಿತು” ಎನ್ನುವ ಗೆಳೆಯರಿದ್ದಾರೆ. ಸಿಕ್ಕಿದ್ದನ್ನು ಹಾಕಿದರೆ ಆಗದು, ಯಂತ್ರ ಬೇಡುವ ವೇಗದ್ದೇ ಬೇಕು. ಮೇಲಾಗಿ 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಗೆ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನೆರೆಯವನ ಕಸಕ್ಕೆಂದು ನಾನು ಇನ್ನೊಂದು ಕೋಣೆ ಬಾಡಿಗೆಗೆ ಹಿಡಿಯುವುದನ್ನು ಯಾರೂ ಪರಿಹಾರವೆಂದು ಕರೆಯಲಾರರು.

ಹಾಗಾದರೆ ಏನಾಗಬೇಕು? ನಮ್ಮಲ್ಲಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವಿದೆ, ಅದರಡಿ 2011ರ ಪೊಟ್ಟಣ ಸರಕುಗಳ ನಿಯಮಗಳಿವೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ನಿವ್ವಳ ತೂಕ ನಮೂದಾಗಬೇಕು. ಹೊದಿಕೆಯ ತೂಕವನ್ನು ಅದರಲ್ಲಿ ಸೇರಿಸುವಂತಿಲ್ಲ. ಅರ್ಧ ಲಕ್ಷದ ಯಂತ್ರಕ್ಕೂ ಸಾವಿರಾರು ರೂಪಾಯಿಯ ಡಿಸ್ಕಿಗೂ ಅದೇ ನ್ಯಾಯ ಸಿಗಲಿ. ಯಂತ್ರದ ಪೆಟ್ಟಿಗೆಯ ಮೇಲೆ ಬಳಕೆಗೆ ಸಿಗುವ ಜಾಗವನ್ನು ದಪ್ಪಕ್ಷರದಲ್ಲಿ ಬರೆಯಲಿ. ಆಟದ ಪೆಟ್ಟಿಗೆಯ ಮುಂಬದಿಯಲ್ಲಿ ಎರಡು ಅಂಕಿಗಳಿರಲಿ: ಡಿಸ್ಕಿನಲ್ಲಿ ಇರುವುದೆಷ್ಟು, ಇಳಿಸಿಕೊಳ್ಳಬೇಕಾದದ್ದೆಷ್ಟು. ಭಾಷೆಯನ್ನೂ ಆಟದ ಭಾಗಗಳನ್ನೂ ಆಯ್ದುಕೊಳ್ಳುವ ಹಕ್ಕು ಆಡುವವರದಾಗಲಿ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿಲ್ಲ. ಅಂಕಿ ಎಲ್ಲರ ಕಣ್ಣಿಗೆ ಬಿದ್ದರೆ ನಾಚಿಕೆ ಹುಟ್ಟುತ್ತದೆ, ನಾಚಿಕೆ ಹುಟ್ಟಿದರೆ ತಿದ್ದುವ ಕೈ ಏಳುತ್ತದೆ.

ಮೇ ತಿಂಗಳಿನಲ್ಲಿ ಮತ್ತೆ ಊರಿಗೆ ಹೋಗಬೇಕು. ಈ ಬಾರಿ ಮೋಸಹೋಗಬಾರದೆಂದು ಮೊನ್ನೆ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗುಡಿಯ ಆಸುಪಾಸಿನ ಅಂಗಡಿಗಳನ್ನು ಸುತ್ತಿದೆ. ಒಂದು ಡಿಸ್ಕ್ ಎತ್ತಿಕೊಂಡು ಅಂಗಡಿಯವನನ್ನು ನನ್ನ ಅರೆಬರೆ ಮರಾಠಿಯಲ್ಲಿ ಕೇಳಿದೆ: ಇದರೊಳಗೆ ಆಟ ಇದೆಯೇ? ಅವನು ನನ್ನ ಮುಖ ನೋಡಿದ. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಹಿಂದೆ ಮುಂದೆ ಎಲ್ಲ ಓದಿದ. “ಬರೆದಿಲ್ಲ ಸಾಹೇಬ” ಎಂದು ಹಿಂದಿರುಗಿಸಿದ. ನಾನು ಅದನ್ನು ಅಲ್ಲೇ ಇಟ್ಟು ಬಂದೆ. ಹುಡುಗನಿಗೆ ಏನು ಒಯ್ಯಲಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ.