ಅಟ್ಟಕ್ಕೊಂದು ಬೆಳಕಿಂಡಿ

"ಯಾಕೋ ಕತ್ತಲಲ್ಲಿ ಕೂತಿದ್ದೀಯಾ? ಊರಲ್ಲಿ ಕರೆಂಟ್ ಇಲ್ವಾ?"

ಬೆಳಗ್ಗೆ ಹನ್ನೊಂದರ ಮೀಟಿಂಗ್‌ನಲ್ಲಿ ಟೀಮಿನ ಗೆಳೆಯ ಕೇಳಿದ. ಕರೆಂಟ್ ಇತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲೂ ಇತ್ತು. ನಾನು ಕೂತಿದ್ದದ್ದು ಮಾತ್ರ ಕೊಪ್ಪದ ನಮ್ಮ ಹೆಂಚಿನ ಮನೆಯ ಅಟ್ಟದಲ್ಲಿ. ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಅಂದಾಗ ಬೆಂಗಳೂರಿನಿಂದ ಬಂದು, ರಾಗಿ ಮೂಟೆ, ಹಳೇ ತೊಟ್ಟಿಲು, ಬಿತ್ತನೆ ಶುಂಠಿಯ ಚೀಲಗಳನ್ನು ಒಂದು ಕಡೆಗೆ ಸರಿಸಿ ಟೇಬಲ್ ಹಾಕಿಕೊಂಡಿದ್ದೆ. ಕೆಳಗೆ ಟಿವಿ ಗಲಾಟೆ. ಮೇಲೆ ಶಾಂತಿ, ಆದರೆ ಹಗಲಲ್ಲೂ ಬಲ್ಬು ಬೇಕು.

ಹೆಂಚಿನ ನಡುವೆ ಒಂದು ಕಿಟಕಿ ಕೂರಿಸಿದರೆ ಹೇಗೆ ಅಂತ ಅವತ್ತೇ ತಲೆಗೆ ಬಂತು. ಅಪ್ಪನಿಗೆ ಹೇಳಿದೆ. ಅಪ್ಪ ಬೀರುವಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಈ ಮನೆ ಕೆಡವಿ ಆರ್‌ಸಿಸಿ ಕಟ್ಟಲು ಎಷ್ಟಾಗುತ್ತೆ ಅನ್ನುವ ಲೆಕ್ಕ. ನನಗೆ ಹೇಳದೆಯೇ ಬರೆಸಿಟ್ಟಿದ್ದರು!

ತಾತ ಕಟ್ಟಿಸಿದ ಮನೆ ಇದು. ನಾನು ಒಪ್ಪಲಿಲ್ಲ. ವಾದ ಜೋರಾಯಿತು. ಕೊನೆಗೆ ಅಪ್ಪನೇ ಹೇಳಿದರು, "ಆಯ್ತು ಕಣಪ್ಪ, ನಿನ್ನ ಕಿಟಕಿ ಹಾಕು. ಒಂದು ಮಳೆಗಾಲ ನೋಡೋಣ. ಸೋರ್ತು ಅಂದ್ರೆ ಬರೋ ಜನವರಿಗೆ ಕೆಡವೋದೇ."

ನಮ್ಮೂರು ಗೊತ್ತಿಲ್ಲದವರಿಗೆ ಒಂದು ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ಈ ಕೊಪ್ಪ ಮೈಸೂರು ಜಿಲ್ಲೆಯ ಕೊನೆ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಕೊಡಗು. 2018 ಮತ್ತು 2019ರ ಆಗಸ್ಟ್‌ನಲ್ಲಿ ಆ ದಡದ ಬಡಾವಣೆಗಳಿಗೆ ಹೊಳೆ ನುಗ್ಗಿದ್ದನ್ನು ಕಣ್ಣಾರೆ ಕಂಡವರು ನಾವು. ಇಲ್ಲಿ ಮಳೆ ಮೇಲೆ ಪಂದ್ಯ ಕಟ್ಟೋದು ತಮಾಷೆಯಲ್ಲ.

ಎಲ್ಲರಂತೆ ನಾನೂ ಮೊದಲು ಯೂಟ್ಯೂಬ್ ತೆರೆದೆ. ಸಿಕ್ಕಿದ್ದೆಲ್ಲ ಯುರೋಪಿನ ವಿಡಿಯೋಗಳು. ಅಲ್ಲಿ ಅಟ್ಟದ ಕಿಟಕಿ ಅನ್ನೋದು ದೊಡ್ಡ ಉದ್ಯಮ. ಡೆನ್ಮಾರ್ಕ್‌ನ ವೆಲಕ್ಸ್ ಕಂಪನಿ 1940ರ ದಶಕದಿಂದ ಇದನ್ನೇ ಮಾಡುತ್ತಿದೆ. ಆದರೆ ವಿಡಿಯೋದ ಎಷ್ಟೋ ಚಾವಣಿಗಳು ಸ್ಲೇಟಿನವು. ಒಂದನೇ ಕ್ಲಾಸಲ್ಲಿ ಬಳಪದಿಂದ ಬರೀತಿದ್ವಲ್ಲ, ಅದೇ ಜಾತಿಯ ಕಲ್ಲು. ತೆಳ್ಳಗೆ ಸೀಳಿ, ಒಂದೊಂದನ್ನೂ ಮೊಳೆ ಹೊಡೆದು ಕೂರಿಸಿರುತ್ತಾರೆ. ನಮ್ಮದು ಮಂಗಳೂರು ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಅಚ್ಚಿನ ಹೆಂಚು. ಇದಕ್ಕೆ ಮೊಳೆ ಇಲ್ಲ, ಗಾರೆ ಇಲ್ಲ. ಬೆನ್ನ ಹಿಂದಿನ ಗುಬುಟಿನಿಂದ ರೀಪಿಗೆ ತಗುಲಿಕೊಂಡು ಕೂರುತ್ತೆ ಅಷ್ಟೆ. ಒಳಗಿನಿಂದಲೇ ಸ್ವಲ್ಪ ಮೇಲಕ್ಕೆತ್ತಿ ಸರಿಸಿದರೆ ಬಿಚ್ಚಿಕೊಳ್ಳುತ್ತೆ.

ಇದು ತಿಳಿದಾಗ ಖುಷಿಯಾಯಿತು. ಚಾವಣಿ ಹತ್ತದೆಯೇ ಅರ್ಧ ಕೆಲಸ ಮುಗಿಸಬಹುದಲ್ಲ!

ಜಾಗ ಹುಡುಕಿದೆ. ಮನೆಯ ಇಳಿಜಾರು ಒಂದು ತೆಂಕಣಕ್ಕೆ, ಒಂದು ಬಡಗಣಕ್ಕೆ. ದಕ್ಷಿಣದ ಕಡೆ ವರ್ಷದ ಬಹುಪಾಲು ಬಿಸಿಲು ನೇರ. ಏಪ್ರಿಲ್ ಕೊನೆಗಂತೂ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ಮೇಲೇ ಇರುತ್ತಾನೆ. ಯುರೋಪಿನವರು ಬಿಸಿಲು ಬರಲಿ ಅಂತ ಕಿಟಕಿ ಇಡುತ್ತಾರೆ, ನಮಗೆ ಬೆಳಕು ಬೇಕು, ಬಿಸಿಲು ಬೇಡ. ಹಾಗಾಗಿ ಉತ್ತರದ ಇಳಿಜಾರು. ಜೊತೆಗೆ ಕಿಟಕಿ ತೆರೆಯುವಂತಿರಬೇಕು. ನಮ್ಮ ಕಡೆಯ ತಂಬಾಕು ಬ್ಯಾರನ್‌ಗಳನ್ನು ನೋಡಿ, ಬಿಸಿಗಾಳಿ ಹೊರಗೆ ಹೋಗಲು ನೆತ್ತಿಯಲ್ಲಿ ಕಿಂಡಿ ಇಟ್ಟಿರುತ್ತಾರೆ. ಅಟ್ಟಕ್ಕೂ ಅದೇ ಲೆಕ್ಕ.

ಅಗಲಕ್ಕೆ ಎರಡು, ಉದ್ದಕ್ಕೆ ಎರಡು, ಒಟ್ಟು ನಾಲ್ಕು ಹೆಂಚಿನ ಜಾಗ ಆರಿಸಿಕೊಂಡೆ. ಎರಡು ಜಂತೆಗಳ ನಡುವೆಯೇ ಹಿಡಿಸುವಷ್ಟು. ಜಂತೆ ಕತ್ತರಿಸಲು ಹೋಗಬೇಡಿ, ಚಾವಣಿಯ ಭಾರ ಹೊರುವುದು ಅದೇ. ನಡುವೆ ಬಂದ ರೀಪನ್ನು ಮಾತ್ರ ಕತ್ತರಿಸಿ, ತುದಿಗಳಿಗೆ ಅಡ್ಡಪಟ್ಟಿ ಕೊಟ್ಟೆ. ಕುಶಾಲನಗರದ ಬಡಗಿ ಅಣ್ಣನ ಹತ್ತಿರ ಚೌಕಟ್ಟು ಮಾಡಿಸಿದೆ. ಗಾಜು ಲ್ಯಾಮಿನೇಟೆಡ್. ತಲೆ ಮೇಲೆ ಗಾಜು ಇಡುವವರು ಇದರಲ್ಲಿ ಚೌಕಾಸಿ ಮಾಡಬೇಡಿ. ಕೋತಿ ಹಾರಿ ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತೆ.

ಏಪ್ರಿಲ್‌ನ ಒಂದು ಶನಿವಾರ ಕೂರಿಸಿದೆ. ಚೌಕಟ್ಟನ್ನು ಹೆಂಚಿನ ಮಟ್ಟಕ್ಕೇ ಇಟ್ಟು, ಸುತ್ತ ಸಿಲಿಕೋನ್ ಎಳೆದೆ. ಮೂರು ಟ್ಯೂಬ್ ಖಾಲಿ. ಸಂಜೆ ಅಟ್ಟದ ನೆಲದ ಮೇಲೆ ಬೆಳಕಿನ ಚೌಕ ಬಿದ್ದಾಗ ಫೋಟೋ ತೆಗೆದು ಟೀಮ್ ಗ್ರೂಪಿಗೆ ಹಾಕಿದೆ. ಲೈಕುಗಳೋ ಲೈಕುಗಳು.

ಮೇ ಮೊದಲ ವಾರ ಭರಣಿ ಮಳೆ ಬಂತು. ಒಂದೇ ಗಂಟೆ. ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿದೆ. ಕಿಟಕಿಯ ಮೇಲಂಚಿನಿಂದ ನೀರು ದಾರವಾಗಿ ಇಳಿಯುತ್ತಿತ್ತು. ಅಪ್ಪ ಅಟ್ಟ ಹತ್ತಿ ಬಂದರು. ಏನೂ ಅನ್ನಲಿಲ್ಲ. ಬಕೆಟ್ ತಂದು ಅಡಿಗಿಟ್ಟು ಇಳಿದು ಹೋದರು. ಬೈದಿದ್ದರೇ ವಾಸಿಯಿತ್ತು.

ಮಾರನೇ ದಿನ ಅಪ್ಪನೇ ಕರೆದರು. ನಾನು ಬಿಚ್ಚಿಟ್ಟಿದ್ದ ಹೆಂಚುಗಳಲ್ಲಿ ಎರಡನ್ನು ಎತ್ತಿ ಒಂದರ ಮೇಲೊಂದು ಅಂಚು ಕೂರಿಸಿ ಚೊಂಬಿನಿಂದ ನೀರು ಸುರಿದರು. "ಇದರಲ್ಲಿ ಎಲ್ಲಾದ್ರೂ ಗಮ್ ಐತಾ? ಮೇಲಿನದು ಯಾವತ್ತೂ ಕೆಳಗಿನದರ ಮೇಲೆ ಕೂರಬೇಕು. ನೀರಿಗೆ ದಾರಿ ಬಿಡಬೇಕು ಕಣ್ಲಾ, ಅಡ್ಡ ನಿಂತ್ರೆ ಅದು ಒಳಗೇ ಬರೋದು."

ನನ್ನ ಚೌಕಟ್ಟು ಅಡ್ಡ ನಿಂತಿತ್ತು. ಮೇಲಿನಿಂದ ಹರಿದ ನೀರು ಅದರ ಬೆನ್ನಿಗೆ ಕಟ್ಟಿಕೊಂಡಿತ್ತು. ಧೂಳು, ಪಾಚಿ ಹಿಡಿದ ಹೆಂಚಿಗೆ ಸಿಲಿಕೋನ್ ಸರಿಯಾಗಿ ಅಂಟಿರಲೂ ಇಲ್ಲ. ಆಮೇಲೆ ಆ ವಿಡಿಯೋ ಮತ್ತೆ ನೋಡಿದರೆ ಅವರೂ ಮಾಡಿದ್ದು ಅದನ್ನೇ, ನಾನೇ ಆ ಭಾಗ ಓಡಿಸಿಕೊಂಡು ನೋಡಿದ್ದೆ.

ಎರಡನೇ ಸಲ ಅಪ್ಪ ಕೆಳಗೆ ನಿಂತು ಹೇಳಿದರು, ನಾನು ಮಾಡಿದೆ. ಚೌಕಟ್ಟನ್ನು ಹೆಂಚಿಗಿಂತ ನಾಲ್ಕು ಇಂಚು ಎತ್ತರಿಸಿದೆವು. ಅಲ್ಯೂಮಿನಿಯಂ ತಗಡು ಮಡಚಿ ಮೊದಲು ಕೆಳಗಿನ ತುಂಡು, ಅದು ಕೆಳಗಿನ ಹೆಂಚಿನ ಮೇಲೆ ಮಲಗಬೇಕು. ಆಮೇಲೆ ಪಕ್ಕದ ಎರಡು, ಕಾಲುವೆಯ ಹಾಗೆ ಮಡಚಿ, ಅಂಚು ಪಕ್ಕದ ಹೆಂಚುಗಳ ಅಡಿಗೆ. ಕೊನೆಗೆ ಮೇಲಿನದು, ಅದರ ಮೇಲಂಚು ಮೇಲಿನ ಹೆಂಚಿನ ಅಡಿಗೆ ತೂರಿ ಬರಬೇಕು. ಪ್ರತಿ ತುಂಡೂ ತನ್ನ ಕೆಳಗಿನ ತುಂಡಿನ ಮೇಲೆ. ಹೊರಗೆ ಹೋಗಲೇಬೇಕಾದಾಗ ನೆತ್ತಿಗೆ ಏಣಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಹೋದೆ. ಹೆಂಚಿನ ಮೇಲೆ ಕಾಲಿಡಬಾರದು, ಹಳೇ ಹೆಂಚು ಹೇಳದೆ ಒಡೆಯುತ್ತೆ. ಮುಗಿದ ಮೇಲೆ ಪೈಪಿನಿಂದ ನೀರು ಬಿಟ್ಟು ಪರೀಕ್ಷೆ, ಮೊದಲು ಕೆಳಗೆ, ಆಮೇಲೆ ಪಕ್ಕ, ಕೊನೆಗೆ ಮೇಲೆ. ಎಲ್ಲಿ ಸೋರುತ್ತೆ ಅಂತ ಹಾಗಾದರೆ ಮಾತ್ರ ಗೊತ್ತಾಗೋದು. ಒಂದು ಹನಿ ಇಳಿಯಲಿಲ್ಲ.

"ನೋಡಿದ್ರಾ ಅಪ್ಪಾ, ಇನ್ನು ಕೆಡವೋ ಮಾತಿಲ್ಲ" ಅಂದೆ.

ಅಪ್ಪ ಜಗಲಿ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. "ಸೋರೋದು ಬಿಡ್ಲಾ ಮಗ, ಅದನ್ನ ಸರಿ ಮಾಡಬೌದು. ವರ್ಷಾ ವರ್ಷಾ ಹೆಂಚು ಕೈಯಾಡಿಸೋಕೆ ಹತ್ತೋರ್ಯಾರು? ಆಳು ಸಿಗಲ್ಲ. ನಂಗೆ ಅರವತ್ನಾಲ್ಕಾಯ್ತು. ಹೋದ ವರ್ಷ ಏಣಿಯಿಂದ ಜಾರಿದ್ದು ನಿಂಗೆ ಹೇಳಲಿಲ್ಲ."

ನನಗೆ ಮಾತೇ ಹೊರಡಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಕೋತಿ ಸರಿಸಿದ ಹೆಂಚು ಕೂರಿಸಿ, ಒಡೆದದ್ದು ಬದಲಿಸಿ, ಎಲೆ ಕಸ ತೆಗೆಯುತ್ತಿದ್ದದ್ದು ಇವರೊಬ್ಬರೇ. ಬೆಂಗಳೂರಲ್ಲಿ ಕೂತು "ತಾತನ ಮನೆ ಉಳಿಸಬೇಕು" ಅಂತ ವಾದ ಮಾಡುತ್ತಿದ್ದವನು ನಾನು. ಅಪ್ಪನಿಗೆ ಮನೆ ಬೇಡವಾಗಿದೆ ಅಂದುಕೊಂಡಿದ್ದೆ. ಅವರಿಗೆ ಬೇಡವಾಗಿದ್ದದ್ದು ಏಣಿ. ಅದನ್ನು ಕೇಳುವ ಬದಲು ಕಿಟಕಿಯ ಅಳತೆ ತೆಗೆದುಕೊಂಡು ಓಡಾಡುತ್ತಿದ್ದೆ.

ಅವತ್ತೇ ಫೋನಿನ ಕ್ಯಾಲೆಂಡರ್‌ನಲ್ಲಿ ಪ್ರತಿ ವರ್ಷ ಏಪ್ರಿಲ್‌ನ ಎರಡನೇ ಶನಿವಾರಕ್ಕೆ "ಹೆಂಚು" ಅಂತ ಹಾಕಿದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿ, "ಒಂದು ವರ್ಷ ಬಂದು ತೋರಿಸು, ಆಮೇಲೆ ನೋಡೋಣ" ಅಂದರು. ಲೆಕ್ಕದ ಹಾಳೆ ಇನ್ನೂ ಬೀರುವಿನಲ್ಲೇ ಇದೆ.

ನಿಮಗೂ ಊರಲ್ಲಿ ಹೆಂಚಿನ ಮನೆ ಇದ್ದು, ಬರೀ ಬೆಳಕು ಸಾಕು ಅಂದರೆ ನನ್ನಷ್ಟು ಒದ್ದಾಡಬೇಡಿ. ಅದೇ ಅಳತೆಯ ಗಾಜಿನ ಹೆಂಚು ಸಿಗುತ್ತೆ. ಒಂದು ತೆಗೆದು ಒಂದು ಕೂರಿಸಿದರೆ ಅರ್ಧ ಗಂಟೆ ಕೆಲಸ. ಮಳೆಗಾಲಕ್ಕೆ ಮುಂಚೆ ಮಾಡಿ. ಮಾಡುವ ಮೊದಲು, ಅಲ್ಲಿ ವರ್ಷಾ ವರ್ಷಾ ಏಣಿ ಹತ್ತುವವರು ಯಾರು ಅಂತ ಒಂದು ಸಲ ಕೇಳಿ.

ಆಗಸ್ಟ್‌ನ ಜಡಿಮಳೆ ಕಳೆಯಿತು. ಕಿಟಕಿ ಸೋರಲಿಲ್ಲ. ಆದರೆ ಮೀಟಿಂಗ್‌ನಲ್ಲಿ ನಾನು ಮತ್ತೆ ಕತ್ತಲಲ್ಲೇ ಕಾಣುತ್ತೇನೆ. ಬೆಳಕು ಬೀಳುವ ಜಾಗದಲ್ಲಿ ಅವ್ವ ಮೊರ ಹಾಕಿಕೊಂಡು ಕೂತಿರುತ್ತಾಳೆ, ಬಿತ್ತನೆ ಕಾಳು ಆರಿಸೋಕೆ ಇಷ್ಟು ಚೆಂದದ ಬೆಳಕು ಮನೆಯಲ್ಲಿ ಬೇರೆಲ್ಲೂ ಇಲ್ಲವಂತೆ.