ಹೊಳೆಗೂ ಗಡಿಕಲ್ಲೇ?

ಹೋದ ಬೇಸಗೆಯಲ್ಲಿ ನಮ್ಮ ಕುಟುಂಬದ ಒಂದು ಉಪನಯನದ ಊಟ ಮುಗಿಸಿ, ಎಲೆಯಡಕೆಯ ತಟ್ಟೆಯ ಸುತ್ತ ನಾಲ್ವರು ಕುಳಿತಿದ್ದೆವು. ಕಾರ್ಕಳದ ಕಡೆ ಅಡಕೆ ತೋಟವಿರುವ ನನ್ನ ಭಾವ, ಕಾಪುವಿನ ಕಡಲ ಬದಿಯ ಚಿಕ್ಕಪ್ಪ, ಮಣಿಪಾಲದಲ್ಲಿ ಆರನೆಯ ಮಾಳಿಗೆಯಲ್ಲಿ ಸಂಸಾರ ಹೂಡಿರುವ ಸೋದರಳಿಯ, ಮತ್ತು ಉಡುಪಿಯ ನಾನು. ಸೆಕೆಯ ಮಾತು ಸಹಜವಾಗಿಯೇ ನೀರಿನ ಕಡೆಗೆ ಹೊರಳಿತು.

“ನಿಮ್ಮ ಪೇಟೆಯವರಿಗೆ ಕುಡಿಯಲಿಕ್ಕೆ ಬೇಕೂಂತ ನಾವು ಪಂಪು ನಿಲ್ಲಿಸಬೇಕಂತೆ. ಹಾಗಾದರೆ ನಮ್ಮ ಅಡಕೆ ಮರ ಏನು ಕುಡಿಯಬೇಕು ಭಾವ?” ಎಂದು ಕಾರ್ಕಳ ಕೇಳಿತು. “ನಿನಗೆ ಸಿಹಿನೀರಾದರೂ ಉಂಟು ಮಾರಾಯ. ನನ್ನ ಬಾವಿಯ ನೀರಿನಲ್ಲಿ ಗಂಜಿ ಬೇಯಿಸಿದರೆ ಬೇರೆ ಉಪ್ಪು ಹಾಕುವ ಕೆಲಸವಿಲ್ಲ” ಎಂದಿತು ಕಾಪು. ಮಣಿಪಾಲ ಮಾತ್ರ ನಿಶ್ಚಿಂತೆಯಿಂದ, “ನಮಗೇನೂ ತೊಂದರೆಯಿಲ್ಲ ಮಾವ, ಟ್ಯಾಂಕರು ಬರ್ತದೆ” ಎಂದಿತು. “ಎಲ್ಲಿಂದ ಬರ್ತದೆ?” ಎಂದೆ. “ಅದು ಗೊತ್ತಿಲ್ಲ.”

ಆ “ಗೊತ್ತಿಲ್ಲ” ಎಂಬ ಮಾತೇ ಈ ಲೇಖನಕ್ಕೆ ಕಾರಣ. ಒಂದೇ ಮನೆಯ ನಾಲ್ಕು ಜನ ಒಂದೇ ಪಂಕ್ತಿಯಲ್ಲಿ ಉಂಡು ಎದ್ದೆವು. ಆದರೆ ನಮ್ಮ ನಾಲ್ಕು ಊರುಗಳು ಮಾತ್ರ ಒಂದರ ಹಿತ್ತಿಲನ್ನು ಇನ್ನೊಂದು ನೋಡದಂತೆ ಬದುಕುತ್ತಿವೆ. ಉಡುಪಿಗೊಂದು ನಗರಸಭೆ, ಕಾರ್ಕಳಕ್ಕೊಂದು ಪುರಸಭೆ, ಕಾಪುವಿಗೊಂದು ಪುರಸಭೆ. ಮಣಿಪಾಲವಂತೂ ಉಡುಪಿಯ ನಗರಸಭೆಯೊಳಗೇ ಇದ್ದುಕೊಂಡು ತಾನು ಬೇರೆ ಎಂದು ತಿಳಿದ ಗುಡ್ಡೆ. ಪ್ರತಿಯೊಂದಕ್ಕೂ ತನ್ನದೇ ಆಯವ್ಯಯ, ತನ್ನದೇ ನಕ್ಷೆ. ನಕ್ಷೆಯ ಅಂಚಿನಲ್ಲಿ ಒಂದು ಕೆಂಪು ಗೆರೆ. ಆ ಗೆರೆಯಾಚೆ ಲೋಕವೇ ಇಲ್ಲವೆಂಬ ಭಾವನೆ!

ಆದರೆ ಹೊಳೆಗೆ ಆ ಗೆರೆ ಕಾಣುವುದಿಲ್ಲ. ಸ್ವರ್ಣಾ ನದಿ ಘಟ್ಟದ ಬುಡದ ಕಾಡುಗಳಲ್ಲಿ ಹುಟ್ಟಿ ಕಾರ್ಕಳ ತಾಲೂಕನ್ನು ಹಾದು ಬರುತ್ತದೆ. ಮುಂಡ್ಲಿಯಲ್ಲಿ ಕಾರ್ಕಳದ ಪೇಟೆ ಅದಕ್ಕೆ ಬಾಯಿ ಇಡುತ್ತದೆ. ಎಣ್ಣೆಹೊಳೆಯಲ್ಲಿ ಏತನೀರಾವರಿಗೆಂದು ಅದನ್ನು ತಡೆದಿದ್ದಾರೆ. ಇನ್ನೂ ಕೆಳಗೆ, ಹಿರಿಯಡಕದ ಹತ್ತಿರ ಬಜೆಯ ಅಣೆಕಟ್ಟಿನಿಂದ ಉಡುಪಿ ಮಣಿಪಾಲಗಳ ನಲ್ಲಿಗೆ ನೀರು ಏರುತ್ತದೆ. ಒಂದೇ ಕೊಡಪಾನಕ್ಕೆ ಹೀಗೆ ಮೂರು ಹಗ್ಗ. ಎಳೆಯುವ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಲ್ಲ. ಬೇಸಗೆಯಲ್ಲಿ ಎಷ್ಟು ನೀರು ಯಾರಿಗೆ ಎಂಬ ಲೆಕ್ಕವನ್ನು ಮೂವರೂ ಒಂದೇ ಮೇಜಿನ ಮುಂದೆ ಕುಳಿತು ಬರೆಯುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಬೆಳೆಯದಿದ್ದುದರ ಫಲವನ್ನು ನಾವು ಕಣ್ಣಾರೆ ಕಂಡೆವು. 2019ರ ಮೇ ತಿಂಗಳಲ್ಲಿ ಬಜೆ ಬತ್ತಿತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ ಕೊಡಪಾನ ಹಿಡಿದು ಸಾಲು ನಿಲ್ಲುವ ನಾಚಿಕೆ ನಮ್ಮದಾಯಿತು. ನದಿಯ ಗುಂಡಿಗಳಲ್ಲಿ ಉಳಿದ ನೀರಿಗೆ ಪಂಪು ಇಟ್ಟು ಅಣೆಕಟ್ಟಿನ ಕಡೆಗೆ ಹಾಯಿಸಬೇಕಾಯಿತು. ಅದಾಗಿ ಹದಿನಾರು ತಿಂಗಳಿಗೆ, 2020ರ ಸೆಪ್ಟೆಂಬರ್ 20ರ ಹೊತ್ತಿಗೆ, ಅದೇ ಸ್ವರ್ಣೆ ದಡ ಮೀರಿ ಮನೆಯಂಗಳಕ್ಕೆ ನುಗ್ಗಿತು. ಪೇಟೆಯೊಳಗೆ ಕಲ್ಸಂಕದ ಸುತ್ತಮುತ್ತ ಬೀದಿಯೇ ಹೊಳೆಯಾಯಿತು. ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಒಂದು ವರ್ಷ ಗಂಟಲು ಒಣಗುವುದು, ಮರುವರ್ಷ ಮೂಗಿನ ತನಕ ಮುಳುಗುವುದು. ಇದು ದೇವರ ಕೋಪವೆಂದು ಕೈ ಮುಗಿದವರೂ ಇದ್ದಾರೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಮಳೆ ಹದ ತಪ್ಪಿ ಕಡಿಮೆ ದಿನಗಳಲ್ಲಿ ಹೆಚ್ಚು ಸುರಿಯುತ್ತಿದೆ ಎಂದು ಹವಾಮಾನದ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಹದ ತಪ್ಪಿದ ಮಳೆಯನ್ನು ಹಿಡಿದಿಡಬೇಕಾದ ಮುರಕಲ್ಲ ಗುಡ್ಡೆಗಳಿಗೆ ನಾವು ಕಾಂಕ್ರೀಟು ಬಳಿದೆವು. ನೀರು ಇಳಿದು ತಂಗಬೇಕಾದ ಬೈಲುಗಳನ್ನು ಮಣ್ಣು ತುಂಬಿಸಿ ನಿವೇಶನ ಮಾಡಿದೆವು. ಮಣಿಪಾಲವೆಂಬ ಹೆಸರು ಬಂದದ್ದೇ ಮಣ್ಣಪಳ್ಳವೆಂಬ ಕೆರೆಯಿಂದ. ಕೆರೆಯ ಹೆಸರು ಹೊತ್ತ ಊರೇ ಇಂದು ಟ್ಯಾಂಕರಿನ ದಾರಿ ಕಾಯುತ್ತದೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವೇನು? ಇನ್ನೂ ದೂರದ ಹೊಳೆ. ಕುಂದಾಪುರದ ಕಡೆಯ ವಾರಾಹಿಯಿಂದ ಉಡುಪಿಗೆ ಕೊಳವೆ. ಬೇಡವೆನ್ನುವ ಹಟ ನನಗಿಲ್ಲ, ಬಾಯಾರಿದವನು ಕೊಳವೆಯ ಉದ್ದ ಅಳೆಯುವುದಿಲ್ಲ. ಆದರೆ ವಾರಾಹಿಯ ನೀರಾವರಿ ಯೋಜನೆ ಆರಂಭವಾದುದು 1979ರಲ್ಲಿ. ಆ ಕಾಲುವೆಯ ನೀರಿಗಾಗಿ ಅಲ್ಲಿಯ ರೈತರು ದಶಕಗಳ ಕಾಲ ಕಾದರು. ಮನೆಯ ಬಾವಿಗೆ ಕಸ ಸುರಿದು ನೆರೆಮನೆಯ ಬಾವಿಗೆ ಹಗ್ಗ ಬಿಡುವವನನ್ನು ಊರಲ್ಲಿ ಏನೆನ್ನುತ್ತಾರೆ? ಸ್ವರ್ಣೆಯನ್ನು ಕಾಯಲು ಕಲಿಯದವರು ವಾರಾಹಿಯನ್ನು ಕಾಯುವರೆ?

ನೀರು ಬರುವ ಕತೆ ಹೀಗಾದರೆ, ನೀರು ಹೋಗುವ ಕತೆ ಇನ್ನೂ ಲಜ್ಜೆಗೇಡಿನದು. ಇಂದ್ರಾಣಿಯೆಂಬ ಪುಟ್ಟ ಹೊಳೆ ಉಡುಪಿ ಪೇಟೆಯ ಕೊಳಕನ್ನೆಲ್ಲ ಹೊತ್ತು ಕೊಡವೂರು ಕಲ್ಮಾಡಿಗಳ ಕಡೆಗೆ ಇಳಿಯುತ್ತದೆ. ಮೇಲಿನವರು ಕೈ ತೊಳೆದುಕೊಂಡರು. ಕೆಳಗಿನವರ ಬಾವಿ ಕೆಟ್ಟಿತು. ಪೇಟೆಯ ಕಸದ ಗುಡ್ಡ ಇರುವುದು ಅಲೆವೂರಿನ ಕರ್ವಾಲಿನಲ್ಲಿ. ಊರ ಹೊರಗೆ ಸಾಗಿಸಿದ್ದು ಊರಿಗೇ ಇಲ್ಲವಾಯಿತೆಂಬುದು ನಮ್ಮ ಪೌರಶಾಸ್ತ್ರ. ನಮ್ಮ ‘ಹೊರಗೆ’ ಇನ್ನೊಬ್ಬನ ‘ಒಳಗೆ’ ಎಂಬುದನ್ನು ಯಾರು ಹೇಳಿಕೊಡಬೇಕು?

ಯಾರೆಂದರೆ, ಹಳ್ಳಿಯವರು! ಪೇಟೆಯ ಮಹನೀಯರು ಒಮ್ಮೆ ಕಾರ್ಕಳ ತಾಲೂಕಿನ ನಿಟ್ಟೆಗೆ ಹೋಗಿಬರಬೇಕು. ಒಂದು ಗ್ರಾಮ ಪಂಚಾಯತಿಯ ಒಣಕಸಕ್ಕೆ ಯಂತ್ರ ಹಾಕಿದರೆ ಯಂತ್ರಕ್ಕೆ ಹೊಟ್ಟೆ ತುಂಬದು, ಪಂಚಾಯತಿಗೆ ಖರ್ಚು ಹುಟ್ಟದು. ಆದ್ದರಿಂದ ಅಲ್ಲಿ ಸುಮಾರು ನಲವತ್ತು ಪಂಚಾಯತಿಗಳಿಗೆ ಒಂದೇ ಘಟಕ ಮಾಡಿದರು. ದಿನಕ್ಕೆ 10 ಟನ್ ಒಣಕಸವನ್ನು ವಿಂಗಡಿಸಿ ಮಾರುವಷ್ಟು ದೊಡ್ಡದು. ತಾಲೂಕಿನ ಗಡಿಯನ್ನು ಅವರು ಕೇಳಲಿಲ್ಲ. ಲಾರಿ ಸುತ್ತುವ ದಾರಿಯನ್ನು ಕೇಳಿದರು. ಹಳ್ಳಿಗಳಿಗೆ ಬಂದ ಈ ಬುದ್ಧಿ ನಗರಸಭೆ ಪುರಸಭೆಗಳಿಗೆ ಬರಬಾರದೆಂದು ಯಾವ ಶಾಸ್ತ್ರದಲ್ಲಿದೆ?

ಶಾಸ್ತ್ರದಲ್ಲಿ ಇರುವುದು ಇದಕ್ಕೆ ವಿರುದ್ಧ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಬೇಕೆಂದು ವಿಧಿಸಿದೆ. ಹಳ್ಳಿ ಪೇಟೆಗಳ ಸಮಾನ ಹಿತದ ವಿಷಯಗಳನ್ನು, ನೀರಿನ ಹಂಚಿಕೆಯನ್ನು, ಪರಿಸರದ ರಕ್ಷಣೆಯನ್ನು ಗಮನಿಸಿ ಇಡೀ ಜಿಲ್ಲೆಗೆ ಒಂದು ಯೋಜನೆಯ ಕರಡು ತಯಾರಿಸುವುದು ಅದರ ಕೆಲಸ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಚುನಾಯಿತರೇ. ಅಂದರೆ ಅಧಿಕಾರವನ್ನು ಯಾರಿಂದಲೂ ಬೇಡಬೇಕಾಗಿಲ್ಲ. ಅದು ಕೈಯಲ್ಲೇ ಇದೆ. ನಾವು ಮಾತ್ರ ಮತ ಕೇಳಲು ಬಂದವರೊಡನೆ ನಮ್ಮ ಓಣಿಯ ಡಾಂಬರಿನ ಮಾತನ್ನಷ್ಟೇ ಎತ್ತುತ್ತೇವೆ. ತಪ್ಪು ಅವರದೊಂದೇ ಅಲ್ಲ.

ಇನ್ನು ಕಾಪುವಿನ ಮಾತು. ಮಳೆಗಾಲ ಬಂತೆಂದರೆ ಅಲ್ಲಿಯ ಕರೆಯನ್ನು ಕಡಲು ಕೊರೆಯುತ್ತದೆ. ನಾವು ಲಾರಿಗಟ್ಟಲೆ ಕಲ್ಲು ಸುರಿಯುತ್ತೇವೆ. ಕಲ್ಲು ಎಲ್ಲಿಂದ? ಒಳನಾಡಿನ ಗುಡ್ಡೆಗಳಿಂದ. ಒಂದು ಕಡೆ ಗುಡ್ಡೆ ಕರಗಿತು, ಇನ್ನೊಂದು ಕಡೆ ಕರೆಯೂ ನಿಲ್ಲಲಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ, 1901ರಿಂದ ನಿಂತಿರುವ ದೀಪಸ್ತಂಭದ ಕಾಪುವಿನ ಎದುರಿಗೇ ಒಂದು ಟಗ್ಗು ಬಂಡೆಗೆ ಸಿಕ್ಕಿ, ಅದರಲ್ಲಿದ್ದ ಒಂಬತ್ತು ಮಂದಿಯನ್ನು ಉಳಿಸಲು ಹೆಲಿಕಾಪ್ಟರೇ ಬರಬೇಕಾಯಿತು. ಅದೇ ತಾಲೂಕಿನ ಯಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲು ಸುಡುವ 1200 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಎದ್ದಿತು. ಪರಿಸರ ಹಾನಿಗೆ ಪರಿಹಾರ ತೆರಬೇಕೆಂದು 2022ರಲ್ಲಿ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. ಬೂದಿ ಬಿದ್ದದ್ದು ಸುತ್ತಲಿನ ಗದ್ದೆಗೆ. ಅದು ಕಾಪುವಿನವರ ಪಾಡೆಂದು ಉಡುಪಿ ಸುಮ್ಮನಿದ್ದರೆ, ಪರ್ಯಾಯದ ಊಟಕ್ಕೆ ಬೇಕೇಬೇಕಾದ ಮಟ್ಟುಗುಳ್ಳ ಬೆಳೆಯುವುದೂ ಆ ತಾಲೂಕಿನ ಹೊಳೆ ಕಡಲುಗಳ ನಡುವಿನ ತೆಳು ಮರಳು ಮಣ್ಣಿನಲ್ಲೇ ಎಂಬುದು ನೆನಪಿರಲಿ. ಆ ಮಣ್ಣಿಗೆ ಉಪ್ಪು ಏರಿದರೆ 2011ರಲ್ಲಿ ಸಿಕ್ಕಿದ ಭೌಗೋಳಿಕ ಗುರುತಿನ ಪ್ರಮಾಣಪತ್ರವನ್ನು ಹುಳಿ ಮಾಡಿ ಉಣ್ಣಲಾದೀತೆ?

ಇಷ್ಟಕ್ಕೆ ಎದುರು ಬರುವ ಮಾತುಗಳನ್ನೂ ನಾನು ಬಲ್ಲೆ. “ಎಲ್ಲರ ಮೇಲೆ ಜಿಲ್ಲಾಧಿಕಾರಿಗಳಿದ್ದಾರಲ್ಲ?” ಇದ್ದಾರೆ. ಆದರೆ ಅಧಿಕಾರಿಗೆ ವರ್ಗವಾಗುತ್ತದೆ, ಹೊಳೆಗೆ ವರ್ಗವಿಲ್ಲ. “ಲೋಕದ ಹವೆ ಕೆಟ್ಟದ್ದಕ್ಕೆ ನಾಲ್ಕು ಸಣ್ಣ ಊರುಗಳೇನು ಮಾಡಿಯಾವು?” ಮೋಡವನ್ನು ನಾವು ತಿದ್ದಲಾರೆವು ನಿಜ, ತೋಡನ್ನು ತಿದ್ದಬಹುದು. ಅಮೆರಿಕದ ಫ್ಲಾರಿಡಾದ ಆಗ್ನೇಯ ಕರೆಯಲ್ಲಿ ನಾಲ್ಕು ಕೌಂಟಿಗಳು 2010ರಲ್ಲಿ ಒಂದು ಒಪ್ಪಂದಕ್ಕೆ ಬಂದವು. ಕಡಲು ಎಷ್ಟು ಏರೀತೆಂಬುದಕ್ಕೆ ನಾಲ್ಕು ಲೆಕ್ಕ ಬೇಡ, ಒಂದೇ ಲೆಕ್ಕ ಹಿಡಿದು ಎಲ್ಲರೂ ಕಟ್ಟೋಣವೆಂಬುದು ಅವರು ಮೊದಲು ಮಾಡಿಕೊಂಡ ಕೆಲಸಗಳಲ್ಲೊಂದು. “ಉಡುಪಿಯ ಬಾಯಾರಿಕೆಗೆ ಕಾರ್ಕಳ ಏಕೆ ದುಡಿಯಬೇಕು?” ಈ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಪುಕ್ಕಟೆ ದುಡಿಯಬೇಕಾಗಿಲ್ಲ. ಕೆಳಗೆ ಕುಡಿಯುವವನು ಮೇಲೆ ಮದಕ ಹೂಳೆತ್ತುವವನಿಗೆ, ಕಾಡು ಉಳಿಸುವವನಿಗೆ ತನ್ನ ನೀರಿನ ಕಂದಾಯದಲ್ಲಿ ಒಂದು ಪಾಲು ಕೊಡಲಿ.

ಇದೆಲ್ಲ ಪರದೇಶದಿಂದ ತರಬೇಕಾದ ವಿದ್ಯೆಯೂ ಅಲ್ಲ. ಮಳೆ ನಿಂತ ಮೇಲೆ ತೋಡಿನ ಎರಡು ದಡದವರೂ ಕೂಡಿ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಕಟ್ಟುತ್ತಿದ್ದ ನಾಡು ಇದು. ಆಚೆ ದಡದವನೊಡನೆ ವ್ಯಾಜ್ಯವಿದ್ದರೂ ಕಟ್ಟದ ದಿನ ಗುದ್ದಲಿ ಹಿಡಿದು ಬರಲೇಬೇಕಿತ್ತು, ಏಕೆಂದರೆ ಅರ್ಧ ತೋಡಿಗೆ ಕಟ್ಟ ಕಟ್ಟಲು ಬರುವುದಿಲ್ಲ. ಉಡುಪಿಯ ಅಷ್ಟಮಠಗಳನ್ನೇ ನೋಡಿ. ಎಂಟು ಮಠ, ಒಬ್ಬ ಕೃಷ್ಣ. ಎರಡೆರಡು ವರ್ಷಕ್ಕೆ ಒಬ್ಬೊಬ್ಬರ ಸರದಿ. ಜನವರಿ 18ರ ಪರ್ಯಾಯಕ್ಕೆ ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಉಣ್ಣುವ ದಿನ ಎಲೆ ಬೇಕಾದರೆ ಗಿಡವನ್ನು ಯಾವಾಗ ನೆಡಬೇಕೆಂದು ಬಲ್ಲ ಊರು ಇದು. ಹೊರೆಕಾಣಿಕೆಗೆ ಊರೂರುಗಳಿಂದ ಅಕ್ಕಿ ತೆಂಗಿನಕಾಯಿಗಳ ಲಾರಿ ಬರುವಾಗ ಯಾವ ಪುರಸಭೆಯ ಗಡಿ ಅಡ್ಡ ಬಂದಿದೆ?

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಮೂರು ಸಭೆಗಳೂ ನದಿಯ ದಾರಿಯ ಪಂಚಾಯತಿಗಳೂ ಒಂದು ಪಂಕ್ತಿಯಲ್ಲಿ ಕೂರಲಿ. ಅಧ್ಯಕ್ಷತೆ ಪರ್ಯಾಯದಂತೆ ಸರದಿಯಲ್ಲಿ ತಿರುಗಲಿ. ಮುಂಡ್ಲಿ, ಎಣ್ಣೆಹೊಳೆ, ಬಜೆಗಳಲ್ಲಿ ನಿಂತ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಎಲ್ಲ ಊರುಗಳ ಕಚೇರಿಯ ಬಾಗಿಲಲ್ಲಿ ಬರೆದು ಹಾಕಲಿ. ಬೇಸಗೆಯ ಹಂಚಿಕೆ ಡಿಸೆಂಬರಿನಲ್ಲೇ ತೀರ್ಮಾನವಾಗಲಿ. ಮೇ ತಿಂಗಳಲ್ಲಿ ಜಗಳವಾಡುವುದು ಬೇಡ. ಯಾವ ಊರಿನ ಕೊಳಕು ನೀರೂ ಶುದ್ಧಿಯಾಗದೆ ನೆರೆಯೂರಿನ ಗಡಿ ದಾಟಕೂಡದು. ಮಣಿಪಾಲದ ವಿದ್ಯಾಲಯಗಳಲ್ಲಿರುವ ಇಂಜಿನಿಯರರ ಬುದ್ಧಿ ಗುಡ್ಡೆಯಿಂದ ಕೆಳಗಿಳಿದು ಈ ಲೆಕ್ಕಕ್ಕೆ ಒದಗಲಿ.

ಆ ದಿನ ಎಲೆಯಡಕೆ ಮುಗಿದು ಏಳುವಾಗ ಚಿಕ್ಕಪ್ಪ ಕೈ ತೊಳೆಯಲು ನಲ್ಲಿ ತಿರುಗಿಸಿದರು. ಭಾವ ನಗುತ್ತ, “ಮೆಲ್ಲ ಬಿಡಿ, ಅದು ನನ್ನ ತೋಟದ ನೀರು” ಎಂದರು. ನಾವೆಲ್ಲ ನಕ್ಕೆವು. ಚಿಕ್ಕಪ್ಪ ಮಾತ್ರ ನಲ್ಲಿಯನ್ನು ಅರ್ಧ ಮುಚ್ಚಿ, ಕಡಿಮೆ ನೀರಿನಲ್ಲೇ ಕೈ ತೊಳೆದರು.

ನೀರು ಯಾರ ತೋಟದ್ದೆಂದು ಗೊತ್ತಾದ ಕೂಡಲೆ ಒಬ್ಬ ಮುದುಕರ ಕೈಗೆ ಬಂದ ಆ ಮರ್ಯಾದೆ ಮೂರು ಸಭೆಗಳಿಗೆ ಬರಲು ಇನ್ನೆಷ್ಟು ಬೇಸಗೆ ಬೇಕು?