ಟನ್ನಿನ ಲೆಕ್ಕದಾಗ ಟೊಂಕ ಎಲ್ಲೈತಿ?

ಕಾರ್ಖಾನೆಯ ತೂಕದ ಕಾಟಾ ಕಬ್ಬನ್ನು ತೂಗುತ್ತದೆ. ಕಡಿದವರ ದಣಿವನ್ನು ತೂಗುವುದಿಲ್ಲ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಪಟ್ಟು ಹಿಡಿದು ಕೂತರು, ಸರ್ಕಾರ ಟನ್ನಿಗೆ 3,300 ರೂಪಾಯಿ ಎನ್ನಬೇಕಾಯಿತು. ಆ ಹೋರಾಟ ನ್ಯಾಯದ್ದೇ. ಆದರ ಘೋಡಗೇರಿ ಸುತ್ತಿನ ಹೊಲದಾಗ ಬಗ್ಗಿ ಕಡಿಯೋರ ಟೊಂಕಕ್ಕ ಬೆಲಿ ಕೇಳಿದವರು ಯಾರು?

ಬೀಡ್ ಕಡೆಯಿಂದ ಬರುವ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಸೇರಿ 'ಒಂದು ಕೊಯ್ತಾ'. ಮನುಷ್ಯರ ಹೆಸರಲ್ಲ, ಕತ್ತಿಯ ಹೆಸರು! ಮುಂಗಡ ತೀರುವತನಕ ಜಡ್ಡಿಗೂ ರಜೆಯಿಲ್ಲ, ಮುಟ್ಟಿಗೂ ರಜೆಯಿಲ್ಲ. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸಮೀಕ್ಷೆಯಾದಾಗ 13,000ಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆದದ್ದು ಬಯಲಾಯಿತು. ಸಕ್ಕರೆ ಯಾರ ಬಾಯಿಗೆ? ಕಹಿ ಯಾರ ಹೊಟ್ಟೆಗೆ?

ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಯ ವಾರದ ದುಡಿಮೆ 54 ತಾಸಿನಿಂದ 48ಕ್ಕೆ ಇಳಿಯಿತು. 2023ರಲ್ಲಿ ನಮ್ಮ ರಾಜ್ಯವೇ ಕಾಯ್ದೆ ತಿದ್ದಿ, ದಿನಕ್ಕೆ 12 ತಾಸು ದುಡಿಸಲು ದಾರಿ ಬಿಟ್ಟಿತು. ವಾರದ 48 ಉಳಿದಿದೆ ಅಂತಾರೆ. ಬೆನ್ನೆಲುಬು ವಾರದ ಲೆಕ್ಕದಾಗ ನೋಯ್ತದೇನು? ಆ 48 ತಾಸಾದರೂ ಕಾರ್ಖಾನೆಯ ಗೇಟಿನೊಳಗೇ ನಿಂತಿತು. ಗೇಟಿನಾಚೆಯ ಕಬ್ಬಿನ ಪಡದಾಗ ಗಡಿಯಾರವೇ ಇಲ್ಲ.

ಕಾಯಕದ ಉಪದೇಶ ನಮಗೆ ಬೇಡ. ನಮ್ಮ ಅವ್ವ-ಅಪ್ಪ ಅದನ್ನ ಮೈಯಾಗ ಬರಕೊಂಡಾರ. ನಾವು ಕೇಳುವುದು ಇಷ್ಟೇ: ತಾಸಿಗೆ ಮಿತಿ, ಜಡ್ಡಿಗೆ ಕೂಲಿಸಹಿತ ರಜೆ, ಪಡದ ಹತ್ತಿರ ದವಾಖಾನೆ. ಮೇಷ್ಟ್ರೇ, ಹಂಗಾಮಿನಲ್ಲಿ ಹಾಜರಿ ಪುಸ್ತಕದಾಗ 'ಗೈರು' ಬರೆಯೋ ಮೊದಲು ಆ ಮಗು ಯಾವ ಪಡದಾಗ ಐತಿ ಕೇಳ್ರಿ. ಮುಂದಿನ ಬೆಲೆ ಹೋರಾಟದಾಗ ಕಡಿಯೋರೂ ವೇದಿಕೆ ಮ್ಯಾಲ ಕೂಡ್ರಲಿ. ದಣಿದವರೇ ದಣಿವಿನ ಲೆಕ್ಕ ಬರೀಲಿ.